ವೇಸ್ಟ್‌ಲ್ಯಾಂಡ್ ಪುಸ್ತಿಕೆಯ ಸುಳ್ಳು ಪ್ಯಾರಾಗಳು: ಹಳೆಯ ಕಂಪ್ಯೂಟರ್ ಆಟಗಳ ಹಂಬಲಕ್ಕೊಂದು ಆಕರ

ಇಂಟರ್‌ಪ್ಲೇ ಸಂಸ್ಥೆ ರೂಪಿಸಿ, ಎಲೆಕ್ಟ್ರಾನಿಕ್ ಆರ್ಟ್ಸ್ 1988ರಲ್ಲಿ ಹೊರತಂದ ‘ವೇಸ್ಟ್‌ಲ್ಯಾಂಡ್’ ಆಟದ ಪೆಟ್ಟಿಗೆಯಲ್ಲಿ ಫ್ಲಾಪಿಗಳ ಜೊತೆಗೆ ಅಂಕಿ ಹಾಕಿದ ಪ್ಯಾರಾಗಳ ಒಂದು ಪುಸ್ತಿಕೆಯಿತ್ತು. ಆಟದ ನಡುವೆ ಇಂತಿಷ್ಟನೆಯ ಪ್ಯಾರಾ ಓದಿ ಎಂದು ಪರದೆ ಹೇಳಬೇಕು, ಆಡುವವರು ಪುಟ ತಿರುವಿ ಅಷ್ಟನ್ನೇ ಓದಬೇಕು. ಈ ಪುಸ್ತಿಕೆಯ ಬಗ್ಗೆ ಬರೆದವರಲ್ಲಿ ಬಹುತೇಕರು ಎರಡು ಕಾರಣ ಕೊಟ್ಟು ಮುಂದೆ ಸಾಗುತ್ತಾರೆ: ಫ್ಲಾಪಿಯಲ್ಲಿ ಜಾಗ ಸಾಲದಿದ್ದುದು ಒಂದು, ಕಳ್ಳ ಪ್ರತಿಗಳನ್ನು ತಡೆಯಬೇಕಿದ್ದುದು ಇನ್ನೊಂದು. ಎರಡೂ ನಿಜವೇ. ಆದರೆ ಪುಸ್ತಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಅಲ್ಲಿಗೇ ನಿಲ್ಲುವುದು ಸಾಧ್ಯವಿಲ್ಲ. ಆಟ ಎಂದೂ ಕರೆಯದ ಪ್ಯಾರಾಗಳೂ ಅದರಲ್ಲಿವೆ. ಅಣುಯುದ್ಧದ ನಂತರದ ಅಮೆರಿಕದ ನೈಋತ್ಯ ಮರುಭೂಮಿಯಲ್ಲಿ ನಡೆಯುವ ಕಥೆಗೆ ಸಂಬಂಧವೇ ಇಲ್ಲದ ಮಂಗಳ ಗ್ರಹದ ಕಥಾನಕವೊಂದು ಬಿಡಿಬಿಡಿಯಾಗಿ ಪುಟಗಳಲ್ಲಿ ಹರಡಿದೆ. ಸುಳ್ಳು ಗುಪ್ತಪದಗಳೂ ಇವೆ. ಇವನ್ನು ತಮಾಷೆಯೆಂದು ಅರ್ಧ ಸಾಲಿನಲ್ಲಿ ಮುಗಿಸಿಬಿಡುವ ರೂಢಿ ಹಳೆಯ ಆಟಗಳ ಅಧ್ಯಯನಕ್ಕೆ ಮಾಡಿರುವ ಹಾನಿ ಸಣ್ಣದಲ್ಲ.

ಮೊದಲು ಜಾಗದ ವಾದವನ್ನು ನೋಡೋಣ. ಆಪಲ್ 2ರ ಫ್ಲಾಪಿಯ ಒಂದು ಬದಿಗೆ ಹಿಡಿಯುತ್ತಿದ್ದುದು 140 ಕಿಲೋಬೈಟ್, ಕಮೊಡೋರ್ 64ರದಕ್ಕೆ 170. ಇಂಥ ಇಕ್ಕಟ್ಟಿನಲ್ಲಿ ಗದ್ಯವನ್ನು ಕಾಗದಕ್ಕೆ ಸಾಗಿಸುವ ಉಪಾಯ ವೇಸ್ಟ್‌ಲ್ಯಾಂಡ್‌ಗಿಂತ ಹಳೆಯದು. 1979ರ ‘ಟೆಂಪಲ್ ಆಫ್ ಅಪ್ಷಾಯ್’ ಆಟದಲ್ಲಿ ಪರದೆಯ ಮೇಲೆ ಕೋಣೆಯ ಸಂಖ್ಯೆ ಮಾತ್ರ ಬರುತ್ತಿತ್ತು. ಆ ಕೋಣೆ ಹೇಗಿದೆ ಎಂಬ ವರ್ಣನೆಯಿದ್ದುದು ಕೈಪಿಡಿಯಲ್ಲಿ. ಅಲ್ಲಿ ಜಾಗದ ಕೊರತೆಯೊಂದರಿಂದಲೇ ಎಲ್ಲವನ್ನೂ ವಿವರಿಸಬಹುದು. ವೇಸ್ಟ್‌ಲ್ಯಾಂಡ್‌ನ ಮಂಗಳ ಗ್ರಹದ ಪ್ಯಾರಾಗಳಾದರೋ ಫ್ಲಾಪಿಯಲ್ಲಿ ಒಂದು ಬೈಟನ್ನೂ ಉಳಿಸುವುದಿಲ್ಲ, ಏಕೆಂದರೆ ಅವು ಫ್ಲಾಪಿಗೆ ಸೇರಬೇಕಾದವೇ ಅಲ್ಲ. ಬದಲಿಗೆ ಅಚ್ಚಿನ ಖರ್ಚು ಹೆಚ್ಚಿಸುತ್ತವೆ. ಒಂಬತ್ತು ವರ್ಷಗಳಲ್ಲಿ ಅದೇ ಸಾಧನಕ್ಕೆ ಬೇರೆಯೇ ಕೆಲಸ ಬಂದಿತ್ತು. ಅಪ್ಷಾಯ್‌ನ ಕೈಪಿಡಿಯನ್ನು ಇದರ ಪಕ್ಕದಲ್ಲಿಟ್ಟು ಓದದೆ ಈ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ.

ನಕಲು ತಡೆಯುವ ವಾದ ಇದಕ್ಕಿಂತ ಗಟ್ಟಿಯಾದುದು. ಅದನ್ನು ಸಮರ್ಥಿಸುವವರು ಸಾಮಾನ್ಯವಾಗಿ ಎತ್ತದ ಆಧಾರವೊಂದನ್ನು ಅವರ ಪರವಾಗಿ ನಾನೇ ಮುಂದಿಡುತ್ತೇನೆ. ವೇಸ್ಟ್‌ಲ್ಯಾಂಡ್‌ನಲ್ಲಿ ಆಡುವವರು ಮಾಡಿದ ಬದಲಾವಣೆಗಳು ಫ್ಲಾಪಿಯ ಮೇಲೆಯೇ ದಾಖಲಾಗುತ್ತಿದ್ದವು. ಹಾಗಾಗಿ ಮೂಲ ಫ್ಲಾಪಿಗಳನ್ನು ನಕಲು ಮಾಡಿಕೊಂಡು ಆಡಿ ಎಂದು ಪ್ರಕಾಶಕರೇ ಹೇಳಬೇಕಾಯಿತು. ಫ್ಲಾಪಿಗೆ ಬೀಗ ಹಾಕಲಾಗದಿದ್ದಾಗ ಬೀಗ ಕಾಗದಕ್ಕೆ ಸರಿದದ್ದು ಸಹಜವೇ. ಪುಸ್ತಿಕೆ ಒಟ್ಟಾರೆಯಾಗಿ ಕಾವಲಿನ ಕೆಲಸ ಮಾಡಿತು ಎಂಬುದನ್ನು ಇಷ್ಟರಿಂದ ಒಪ್ಪಬಹುದು. ಸುಳ್ಳು ಪ್ಯಾರಾಗಳಿಗೆ ಮಾತ್ರ ಈ ವಿವರಣೆ ಹೊಂದುವುದಿಲ್ಲ. ಪುಸ್ತಿಕೆಯನ್ನು ಜೆರಾಕ್ಸ್ ಮಾಡಿಸಿಕೊಂಡವನಿಗೂ ದುಡ್ಡು ಕೊಟ್ಟು ಕೊಂಡವನಿಗೂ ಸಿಗುವುದು ಅವೇ ಸುಳ್ಳುಗಳು. ಆಟ ಹೇಳಿದಾಗ ಹೇಳಿದ್ದನ್ನಷ್ಟೇ ಓದಿದರೆ ಇಬ್ಬರೂ ಸುರಕ್ಷಿತರು. ಪುಸ್ತಿಕೆಯಿಲ್ಲದೆ ಗೆಳೆಯರಿಂದ ಗುಪ್ತಪದಗಳ ಪಟ್ಟಿ ಪಡೆದವನನ್ನು ಸುಳ್ಳು ಗುಪ್ತಪದ ಬಲೆಗೆ ಕೆಡವಬಹುದಲ್ಲ ಎಂದು ಆಕ್ಷೇಪಿಸಬಹುದು. ಗುಪ್ತಪದಗಳ ಮಟ್ಟಿಗೆ ಅದು ನ್ಯಾಯವಾದ ಮಾತು. ಆದರೆ ಮಂಗಳ ಗ್ರಹದ ಕಥೆಗೆ ಅಂಥ ಯಾವ ಉಪಯೋಗವೂ ಇಲ್ಲ. ಅದರ ಗುರಿ ಒಬ್ಬನೇ: ಕರೆಯುವ ಮೊದಲೇ ಪುಟ ತಿರುವಿ ಮುಂದೇನಾಗುತ್ತದೆ ಎಂದು ಇಣುಕುವ ಓದುಗ. ಅದೇ 1988ರಲ್ಲಿ ಎಸ್‌ಎಸ್‌ಐ ಸಂಸ್ಥೆ ತಂದ ‘ಪೂಲ್ ಆಫ್ ರೇಡಿಯನ್ಸ್’ ಈ ತೀರ್ಮಾನವನ್ನು ಬೆಂಬಲಿಸುತ್ತದೆ. ಅದರ ಪೆಟ್ಟಿಗೆಯಲ್ಲಿ ನಕಲು ತಡೆಯಲೆಂದೇ ತಿರುಗಿಸುವ ಸಂಕೇತಚಕ್ರವೊಂದಿತ್ತು. ಹಾಗಿದ್ದೂ ಜೊತೆಗಿದ್ದ ದಿನಚರಿ ಪುಸ್ತಿಕೆಯಲ್ಲಿ ಸುಳ್ಳು ನಮೂದುಗಳನ್ನು ಸೇರಿಸಿದ್ದರು. ಕಾವಲಿನ ಕೆಲಸ ಚಕ್ರದ್ದಾದ ಮೇಲೆ ಈ ಸುಳ್ಳುಗಳಿಗೆ ಬೇರೆ ಉದ್ದೇಶವನ್ನೇ ಹುಡುಕಬೇಕು.

ಇಷ್ಟು ದೀರ್ಘವಾಗಿ ವಾದಿಸಲು ಕಾರಣ, ಹಳೆಯ ಆಟಗಳ ಬಗೆಗಿನ ಇಂದಿನ ಹಂಬಲವನ್ನು ನಾವು ಹೇಗೆ ಅರ್ಥ ಮಾಡಿಕೊಳ್ಳುತ್ತೇವೆ ಎಂಬುದು ಇದರ ಮೇಲೆಯೇ ನಿಂತಿದೆ. ಗತದ ಹಂಬಲವನ್ನು ಅಧ್ಯಯನ ಮಾಡಿದ ವಿದ್ವಾಂಸೆ ಸ್ವೆಟ್ಲಾನಾ ಬಾಯ್ಮ್ 2001ರ ತಮ್ಮ ಗ್ರಂಥದಲ್ಲಿ ಕಳೆದುದನ್ನು ಮತ್ತೆ ಕಟ್ಟಲೆಳಸುವ ಹಂಬಲವನ್ನೂ, ಕಳೆದುಹೋದುದನ್ನು ಒಪ್ಪಿಕೊಂಡು ಮೆಲುಕು ಹಾಕುವ ಹಂಬಲವನ್ನೂ ಬೇರ್ಪಡಿಸಿದರು. ಆ ವಿಂಗಡಣೆಯ ಬಗ್ಗೆ ನನಗೆ ಗೌರವವಿದೆ. ಅದನ್ನು ಹಳೆಯ ಆಟಗಳಿಗೆ ಅಂಟಿಸಿ, ಈ ಅಭಿಮಾನಿಗಳು ಬಯಸುವುದು ತಮ್ಮ ಬಾಲ್ಯವನ್ನಷ್ಟೇ ಎಂದು ತೀರ್ಪು ಕೊಡುವವರ ಬಗ್ಗೆ ಇಲ್ಲ. 2012ರಲ್ಲಿ ಇಂಟರ್‌ಪ್ಲೇ ಸ್ಥಾಪಕ ಬ್ರಯಾನ್ ಫಾರ್ಗೋ ಅವರ ಇನ್‌ಎಕ್ಸೈಲ್ ಸಂಸ್ಥೆ ಕಿಕ್‌ಸ್ಟಾರ್ಟರ್‌ನಲ್ಲಿ ‘ವೇಸ್ಟ್‌ಲ್ಯಾಂಡ್ 2’ಕ್ಕೆ ಹಣ ಕೇಳಿದಾಗ 61,000ಕ್ಕೂ ಹೆಚ್ಚು ಜನ ಸುಮಾರು 29 ಲಕ್ಷ ಡಾಲರ್ ಕೊಟ್ಟರು. ಅವರೆಲ್ಲ ಏನನ್ನು ಬಯಸಿದರೆಂದು ಈ ಅಂಕಿ ಹೇಳುವುದಿಲ್ಲ, ನಿಜ. ಆದರೆ ಬಾಲ್ಯವೊಂದೇ ಸಾಕೆನ್ನುವವರು ಆ ಬಾಲ್ಯದಲ್ಲಿ ಇದೇ ಬಗೆಯ ಆಟ ಏಕೆ ಇಷ್ಟು ಆಳವಾಗಿ ಉಳಿಯಿತು ಎಂದು ವಿವರಿಸಬೇಕು. 1981ರ ‘ವಿಝಾರ್ಡ್ರಿ’ಯ 20 ಚೌಕ ಉದ್ದ, 20 ಚೌಕ ಅಗಲದ ನೆಲಮಾಳಿಗೆಗಳನ್ನು ಆಡುವವರೇ ಗ್ರಾಫ್ ಹಾಳೆಯ ಮೇಲೆ ಬರೆದುಕೊಳ್ಳಬೇಕಿತ್ತು, 1982ರ ‘ಅಲ್ಟಿಮಾ 2’ಕ್ಕೆ ಬಟ್ಟೆಯ ನಕ್ಷೆಯೇ ಬೇಕೆಂದು ಅದರ ಕರ್ತೃ ರಿಚರ್ಡ್ ಗ್ಯಾರಿಯಟ್ ಹಟ ಹಿಡಿದಿದ್ದರು. ಆಟದ ಅರ್ಧ ಭಾಗ ಯಂತ್ರದ ಹೊರಗೆ, ಆಡುವವರ ಕೈಯಲ್ಲಿ, ಅವರ ಸಂಯಮದಲ್ಲಿ ನಡೆಯುತ್ತಿತ್ತು. ಸುಳ್ಳು ಪ್ಯಾರಾಗಳು ಆ ಸಂಯಮವನ್ನು ನೇರವಾಗಿ ಪರೀಕ್ಷಿಸಿದವು. ಹಂಬಲದ ವಸ್ತು ಈ ಓದಿನ ಶಿಸ್ತು ಎಂಬುದು ನನ್ನ ವಾದ.

ಇದಕ್ಕೆ ಒಂದು ವಿರುದ್ಧ ಸಾಕ್ಷ್ಯವಿದೆ. 2013ರಲ್ಲಿ ಮೂಲ ವೇಸ್ಟ್‌ಲ್ಯಾಂಡ್ ಮತ್ತೆ ಮಾರುಕಟ್ಟೆಗೆ ಬಂದಾಗ ಪ್ಯಾರಾಗಳನ್ನು ಆಟದೊಳಕ್ಕೇ ಸೇರಿಸಲಾಯಿತು, ಅವಕ್ಕೆ ಧ್ವನಿಯೂ ಬಂತು. ಪುಸ್ತಿಕೆ ಅಷ್ಟು ಮುಖ್ಯವಾಗಿದ್ದರೆ ಅಭಿಮಾನಿಗಳು ಇದನ್ನು ಹೇಗೆ ಸಹಿಸಿದರು? ಸಹಿಸಿದ್ದರಲ್ಲಿ ಅಚ್ಚರಿಯಿಲ್ಲ. ಮೊದಲೇ ಪುಸ್ತಿಕೆಯನ್ನು ಬಲ್ಲವರಿಗೆ ಇದು ಅನುಕೂಲವಾಯಿತು. ಹೊಸದಾಗಿ ಆಡುವವರಿಗೆ ಆದ ನಷ್ಟವಾದರೋ ಅವರ ಅರಿವಿಗೇ ಬಾರದಂಥದು: ಬೇಕಾದ ಪ್ಯಾರಾ ಬೇಕಾದಾಗ ತಾನೇ ಎದುರಿಗೆ ಬಂದು ನಿಂತರೆ, ಆಟ ಎಂದೂ ಕರೆಯದ ಮಂಗಳ ಗ್ರಹದ ಪ್ಯಾರಾವನ್ನು ಎಡವುವ ದಾರಿಯೇ ಇರುವುದಿಲ್ಲ. ನಮ್ಮ ಗ್ರಂಥಸಂಪಾದಕರು ಪ್ರಕ್ಷಿಪ್ತವೆಂದು ತೀರ್ಮಾನಿಸಿದ ಪದ್ಯವನ್ನೂ ಅನುಬಂಧದಲ್ಲಿ ಉಳಿಸುತ್ತಾರೆ. ಇಲ್ಲಿ ಮರೆಯಾಗುತ್ತಿರುವುದು ಪ್ರಕ್ಷಿಪ್ತವೂ ಅಲ್ಲ, ಕರ್ತೃಗಳೇ ಉದ್ದೇಶಪೂರ್ವಕವಾಗಿ ಬರೆದ ಪಠ್ಯ.

ಇಂಟರ್ನೆಟ್ ಆರ್ಕೈವ್ 2015ರ ಜನವರಿಯಲ್ಲಿ ಸುಮಾರು 2,400 ಡಾಸ್ ಆಟಗಳನ್ನು ಬ್ರೌಸರ್‌ನಲ್ಲೇ ಆಡುವಂತೆ ಮಾಡಿದ್ದು ದೊಡ್ಡ ಸೇವೆ. ಆದರೆ ಫ್ಲಾಪಿಯಲ್ಲಿದ್ದುದನ್ನು ಓಡಿಸಿದ ಮಾತ್ರಕ್ಕೆ ಆಟ ಉಳಿಯಿತೆಂದು ಸಂಶೋಧಕರು ಭಾವಿಸಬಾರದು. ಫ್ಲಾಪಿ, ಪುಸ್ತಿಕೆ, ನಕ್ಷೆ, ಆಡಿದವರು ಗೀಚಿಟ್ಟ ಗ್ರಾಫ್ ಹಾಳೆ ಇವಿಷ್ಟನ್ನೂ ಒಂದೇ ದಾಖಲೆಯಡಿ ಸೂಚಿಯಲ್ಲಿ ಸೇರಿಸಬೇಕು. ಪುಸ್ತಿಕೆಯನ್ನು ಪುಟ ಬಿಡದೆ, ಸುಳ್ಳು ಪ್ಯಾರಾಗಳ ಸಮೇತ ಸ್ಕ್ಯಾನ್ ಮಾಡಬೇಕು. ಹಳೆಯ ಪೆಟ್ಟಿಗೆಗಳನ್ನು ಇನ್ನೂ ಇಟ್ಟುಕೊಂಡಿರುವವರು ಫ್ಲಾಪಿ ಕೆಟ್ಟಿದೆಯೆಂದು ಅದರ ಜೊತೆಗಿರುವ ಕಾಗದವನ್ನು ದಯವಿಟ್ಟು ರದ್ದಿಗೆ ಹಾಕದಿರಲಿ.