ಬಿದ್ದ ಗೋಡೆಗಳು, ಉಳಿದ ಸಾಕ್ಷ್ಯ: ಹಳೆ ಗೋವಾದ ಸಂತ ಅಗಸ್ಟೀನರ ದೇವಾಲಯ

ಹಳೆ ಗೋವಾದ ಪವಿತ್ರ ಬೆಟ್ಟದ ಮೇಲೆ ಮುರಕಲ್ಲಿನ ಒಂಟಿ ಗೋಪುರವೊಂದು ಅರ್ಧ ಕುಸಿದು ನಿಂತಿದೆ. ಒಂದು ಕಾಲಕ್ಕೆ ಪೋರ್ಚುಗೀಸರ ಪೂರ್ವದೇಶಗಳ ರಾಜಧಾನಿಯಾಗಿದ್ದ ಈ ನಗರವು ಮಹಾಧರ್ಮಾಧ್ಯಕ್ಷರ ಪೀಠವೂ ಆಗಿತ್ತು. ಕೆನರಾ ಕರಾವಳಿಯ ಕಥೋಲಿಕರು ಬಹುಕಾಲ ಇದರ ಆಡಳಿತದಲ್ಲಿದ್ದರು. 1572ರಲ್ಲಿ ಇಲ್ಲಿಗೆ ಬಂದ ಸಂತ ಅಗಸ್ಟೀನರ ಸಭೆಯ ಸನ್ಯಾಸಿಗಳು ಕೃಪಾಮಾತೆಗೆ ಸಮರ್ಪಿಸಿದ ದೇವಾಲಯವು 1602ರಲ್ಲಿ ಪೂರ್ಣಗೊಂಡಿತು. ಆಗ ಮಹಾಧರ್ಮಾಧ್ಯಕ್ಷರಾಗಿದ್ದ ಅಲೆಯಿಶೊ ದೆ ಮೆನೆಜಿಸ್ ಅವರೂ ಇದೇ ಸಭೆಗೆ ಸೇರಿದವರು.

ಮುಖಭಾಗದ ಇಕ್ಕೆಲಗಳಲ್ಲಿ ಎರಡು ಎತ್ತರದ ಗೋಪುರಗಳು, ಅವುಗಳ ಹಿಂದೆ ಕಮಾನು ಛಾವಣಿಯ ವಿಶಾಲ ಅಂಗಣ, ಎಂಟು ಪ್ರಾರ್ಥನಾಲಯಗಳು, ನಾಲ್ಕು ಬಲಿಪೀಠಗಳು: ಇದು ಕಟ್ಟಡದ ವಿನ್ಯಾಸ. ಗಂಟೆಗೋಪುರದ ಎತ್ತರ ಸುಮಾರು 46 ಮೀಟರ್. ನೆಲದಲ್ಲಿ ಸಮಾಧಿಶಿಲೆಗಳೂ ಗೋಡೆಗಳಲ್ಲಿ ಬಣ್ಣದ ಹೊಳಪುಹಂಚುಗಳ ತುಣುಕುಗಳೂ ಇಂದಿಗೂ ಕಾಣುತ್ತವೆ. ಮುರಕಲ್ಲು ಸುಲಭವಾಗಿ ಕಡಿಯಲು ಬರುವ, ಗಾಳಿಗೆ ಗಟ್ಟಿಯಾಗುವ ಕಲ್ಲು; ಆದರೆ ಅದರ ರಂಧ್ರಗಳಿಗೆ ಮಳೆನೀರು ಇಳಿಯುತ್ತದೆ. ಸುಣ್ಣದ ಗಾರೆಯ ಹೊದಿಕೆ ಇರುವವರೆಗೆ ಮಾತ್ರ ಅದಕ್ಕೆ ರಕ್ಷಣೆ. ಆದ್ದರಿಂದ ಇಂತಹ ದೇವಾಲಯವನ್ನು ಒಮ್ಮೆ ಕಟ್ಟಿದರೆ ಸಾಲದು, ಕಾಯುತ್ತಲೇ ಇರಬೇಕು.

ಕಾಯುವ ಕೈಗಳು 1835ರಲ್ಲಿ ಇಲ್ಲವಾದವು. ಪೋರ್ಚುಗೀಸ್ ಸರಕಾರವು ಸನ್ಯಾಸಿ ಸಭೆಗಳನ್ನು ರದ್ದುಪಡಿಸಿದಾಗ ಅಗಸ್ಟೀನಿಯನ್ನರು ಮಠವನ್ನು ತೊರೆಯಬೇಕಾಯಿತು. ರೋಗರುಜಿನಗಳಿಂದ ನಗರವೂ ಆಗಲೇ ಬರಿದಾಗಿತ್ತು. 1842ರಲ್ಲಿ ಛಾವಣಿ ಕುಸಿಯಿತು. 1931ರಲ್ಲಿ ಮುಖಭಾಗವೂ ಗೋಪುರದ ಅರ್ಧವೂ ಉರುಳಿದವು. ದೇವಾಲಯದ ದೊಡ್ಡ ಗಂಟೆ ಮಾತ್ರ ಅಗ್ವಾದ ಕೋಟೆಯ ಮೂಲಕ ಸಾಗಿ, 1871ರಲ್ಲಿ ಪಣಜಿಯ ಅಮಲೋದ್ಭವ ಮಾತೆಯ ದೇವಾಲಯವನ್ನು ಸೇರಿತು.

ಇಲ್ಲೊಂದು ಹೋಲಿಕೆ ಗಮನಾರ್ಹ. ಅನತಿದೂರದ ಬೋಮ್ ಜೆಸುಸ್ ಬಸಿಲಿಕಾವನ್ನು ಕಟ್ಟಿದ ಯೇಸುಸಭೆಯವರು 1759ರಲ್ಲೇ ಹೊರದೂಡಲ್ಪಟ್ಟರು. ಆದರೂ ಆ ದೇವಾಲಯ ಉಳಿಯಿತು. ಸಂತ ಫ್ರಾನ್ಸಿಸ್ ಝೇವಿಯರರ ದೇಹದ ಬಳಿಗೆ ಭಕ್ತಜನ ಬರುವುದನ್ನು ನಿಲ್ಲಿಸಲಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಸನ್ಯಾಸಿಗಳನ್ನೇ ನೆಚ್ಚಿದ್ದ ಆಲಯ ಅವರೊಡನೆ ಹೋಯಿತು. ಜನರದಾಗಿದ್ದ ಆಲಯ ನಿಂತಿತು.

ಹಾಗೆಂದು ಬೆಟ್ಟದ ಮೇಲಿನ ಸಾಕ್ಷ್ಯ ಪೂರ್ಣವಾಗಿ ಅಳಿಯಲಿಲ್ಲ. ಕ್ರಿಸ್ತವಿಶ್ವಾಸವನ್ನು ತ್ಯಜಿಸಲೊಪ್ಪದೆ 1624ರಲ್ಲಿ ಶಿರಾಜ್ ನಗರದಲ್ಲಿ ಚಿತ್ರಹಿಂಸೆಗೊಳಗಾಗಿ ಮಡಿದ ಜಾರ್ಜಿಯಾದ ರಾಣಿ ಕೆತೆವಾನಳ ಅವಶೇಷಗಳ ಒಂದು ಭಾಗವನ್ನು ಅಗಸ್ಟೀನಿಯನ್ನರು 1627ರಲ್ಲಿ ಇಲ್ಲಿಗೆ ತಂದಿದ್ದರು. ಹಳೆಯ ಪೋರ್ಚುಗೀಸ್ ದಾಖಲೆಗಳ ಜಾಡು ಹಿಡಿದು ನಡೆದ ಉತ್ಖನನದಲ್ಲಿ ಮೂಳೆಯ ತುಣುಕುಗಳು ದೊರೆತವು, ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಡಿ.ಎನ್.ಎ. ಪರೀಕ್ಷೆ ಆ ಗುರುತಿಗೆ ಬೆಂಬಲ ನೀಡಿತು. 2021ರಲ್ಲಿ ಅವುಗಳ ಭಾಗವನ್ನು ಭಾರತವು ಜಾರ್ಜಿಯಾಕ್ಕೆ ಒಪ್ಪಿಸಿತು. ಆಕೆ ಆರ್ಥಡಾಕ್ಸ್ ಸಭೆಯ ಸಂತಳು. ಆಕೆಯ ಅವಶೇಷವನ್ನು ಜೋಪಾನ ಮಾಡಿದವರು ಕಥೋಲಿಕ ಸನ್ಯಾಸಿಗಳು. ಸಭೆಗಳ ನಡುವಿನ ಗೋಡೆಯನ್ನು ರಕ್ತಸಾಕ್ಷ್ಯವು ಬಹಳ ಹಿಂದೆಯೇ ದಾಟಿತ್ತು.

ಆರಾಧನೆಗೆ ಬಳಸಲಾಗದ, ದುರಸ್ತಿಗೂ ಒದಗದ ದೇವಾಲಯವನ್ನು ಲೌಕಿಕ ಬಳಕೆಗೆ ಬಿಡಬಹುದು, ಆದರೆ ಆ ಬಳಕೆ ಹೀನವಾಗಿರಬಾರದು ಎನ್ನುತ್ತದೆ ಧರ್ಮಸಭೆಯ ಕಾನೂನು ಸಂಹಿತೆಯ 1222ನೆಯ ವಿಧಿ. ಆದರೆ ಆ ವಿಧಿಯನ್ನು ತೆರೆಯಬೇಕಾದ ದಿನ ಬರುವ ಮುನ್ನ ಯಾಜಕರಾದ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಾವು ವರ್ಗವಾಗಿ ಹೋದ ಮೇಲೆ ಗೋಡೆಗೆ ಸುಣ್ಣ ಬಳಿಯುವವರು ಯಾರು? ಅವರನ್ನು ಸಿದ್ಧಗೊಳಿಸುವುದೂ ದೇವಾಲಯ ನಿರ್ಮಾಣದ ಕಾರ್ಯವೇ.