ಬಾತುಮರಿಗೆ ಕಡ್ಲೆಕಾಯಿ ಹಿಂಡಿ ಹಾಕೋ ಮುಂಚೆ

ಹೋದ ವಾರ ನಮ್ಮ ಪಕ್ಕದೂರಿನ ರೈತರೊಬ್ರು ಕೇಳಿದ್ರು, "ಅಣ್ಣಾ, ಸೋಯಾ ಹಿಂಡಿ ದುಬಾರಿ ಆಯ್ತು. ಬಾತುಮರಿಗೆ ಕಡ್ಲೆಕಾಯಿ ಹಿಂಡಿ ಹಾಕ್ಲಾ?" ಬೇಡ ಅಂದೆ. ಯಾಕೆ ಅನ್ನೋದಕ್ಕೆ ಒಂದು ಹಳೇ ಕಥೆ ಇದೆ, ಎಲ್ರೂ ಓದ್ಲಿ ಅಂತ ಇಲ್ಲಿ ಬರೀತಿದೀನಿ.

1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿ ಮರಿಗಳು ಸಾಯೋಕೆ ಶುರುವಾದವು. ಕೆಲವೇ ತಿಂಗಳಲ್ಲಿ 1 ಲಕ್ಷಕ್ಕೂ ಮೇಲೆ ಹೋದವು. ಬಾತುಮರಿಗಳೂ ಸಾವಿರಗಟ್ಟಲೆ ಸತ್ತವು. ಏನು ರೋಗ ಅಂತ ತಿಳೀದೆ 'ಟರ್ಕಿ ಎಕ್ಸ್ ರೋಗ' ಅಂತ ಹೆಸರಿಟ್ಟರು. ಕೊನೆಗೆ ಮರಿಗಳು ತಿಂದ ಆಹಾರ ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ಹಡಗಲ್ಲಿ ಬಂದ ಕಡ್ಲೆಕಾಯಿ ಹಿಂಡಿ. ಪ್ರೋಟೀನ್ ಸಿಗ್ಲಿ ಅಂತ ಬೆರೆಸಿದ್ದು. ಅದರಲ್ಲಿದ್ದ ಅಸ್ಪರ್ಜಿಲಸ್ ಫ್ಲೇವಸ್ ಅನ್ನೋ ಬೂಷ್ಟು ವಿಷ ಬಿಟ್ಟಿತ್ತು. ಆ ಬೂಷ್ಟಿನ ಹೆಸರಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರು ಬಂತು.

ಆಮೇಲೆ ಹಿಂಡಿಯಲ್ಲಿ ವಿಷ ಇದೆಯಾ ಅಂತ ನೋಡೋಕೆ ವಿಜ್ಞಾನಿಗಳು ಬಳಸಿದ್ದು ಒಂದು ದಿನದ ಬಾತುಮರಿ! ಕೊಟ್ಟು, ಅದರ ಲಿವರ್ ನೋಡ್ತಿದ್ರು. ಕೋಳಿ ತಡ್ಕೊಳ್ಳೋ ಅಷ್ಟು ವಿಷ ಬಾತುಮರಿಯನ್ನ ಮುಗಿಸಿಬಿಡುತ್ತೆ.

ಇದು ನಂಗೆ ಗೊತ್ತಾಗಿದ್ದು ಕೆಟ್ಟ ಮೇಲೆ. ಒಂದು ಮಳೆಗಾಲ ಬೂಷ್ಟು ಹಿಡಿದ ಹಿಂಡಿಯನ್ನ ಬಿಸಿಲಿಗೆ ಒಣಗಿಸಿ ಹಾಕ್ದೆ. ಕೋಳಿಗೆ ಏನೂ ಆಗ್ಲಿಲ್ಲ. ಬಾತುಮರಿ ಮಾತ್ರ ಕುಂಟುತ್ತಾ, ಕತ್ತು ಹಿಂದಕ್ಕೆ ಬಾಗಿ ಸತ್ತವು. 30ರಲ್ಲಿ ಉಳಿದಿದ್ದು 11. ಬೂಷ್ಟು ಉದುರಿದ್ರೂ ವಿಷ ಉಳೀತದೆ, ಬೇಯಿಸಿದ್ರೂ ಪೂರ್ತಿ ಹೋಗಲ್ಲ.

ಹಾಗಾದ್ರೆ ಪ್ರೋಟೀನ್ ಎಲ್ಲಿಂದ? ಚೀನಾದ ಗ್ವಾಂಗ್‌ಡಾಂಗ್ ಸೀಮೆಯಲ್ಲಿ 500 ವರ್ಷದ ಹಿಂದೆಯೇ ಭತ್ತದ ಮೊಳಕೆ ತಿನ್ನೋ ಏಡಿಗಳನ್ನ ಬಾತಿಗೆ ಮೇಯಿಸ್ತಿದ್ರು. ಗದ್ದೆಯೂ ಉಳೀತು, ಬಾತೂ ಬೆಳೀತು. ಮೂಟೆ ಕಟ್ಟಿ ಇಡೋ ಮಾತೇ ಇಲ್ಲ, ಬೂಷ್ಟು ಎಲ್ಲಿಂದ ಬರಬೇಕು?

ನಮಗೂ ದಾರಿ ಇದೆ. ಔಷಧಿ ಹೊಡೆಯದ ಗದ್ದೆಯ ಬಸವನಹುಳು ಕೊಡಿ, ಮರಿಗಾದ್ರೆ ಜಜ್ಜಿ ಕೊಡಿ. ಅಜೋಲಾ ಒಣಗಿದ ಲೆಕ್ಕದಲ್ಲಿ 20ರಿಂದ 25 ಭಾಗ ಪ್ರೋಟೀನ್, ಆದ್ರೆ ಹಸಿಯಲ್ಲಿ 90 ಭಾಗಕ್ಕೂ ಮೇಲೆ ನೀರೇ, ಅದನ್ನೇ ನಂಬ್ಕೋಬೇಡಿ. ರಾಮನಗರದ ಕಡೆ ನೂಲು ತೆಗೆದು ಉಳಿಯೋ ರೇಷ್ಮೆ ಪ್ಯೂಪ ಒಣಗಿದ್ರೆ ಸುಮಾರು ಅರ್ಧಭಾಗ ಪ್ರೋಟೀನೇ. ಎಣ್ಣೆ ಜಾಸ್ತಿ, ಬೇಗ ಕಮಟುತ್ತೆ, ಸ್ವಲ್ಪ ಸ್ವಲ್ಪವೇ ತನ್ನಿ.

ಯಾವುದೇ ಇರಲಿ, ಮೂಟೆ ಬಿಚ್ಚಿದ ತಕ್ಷಣ ಮೂಸಿ ನೋಡಿ. ಮುಗ್ಗಲು ವಾಸನೆ ಬಂತಾ, ತಿಪ್ಪೆಗೆ ಹಾಕಿ. ಮೂಟೆ ಕಾಸು ಹೋದ್ರೂ ಮರಿ ಉಳೀತವೆ.