ಮಕ್ಕಳ ಸೆಂಟ್ರಲ್ ಲೈನ್: ಮನೆಯವರು ತಿಳಿದಿರಬೇಕಾದ ತೊಂದರೆಗಳು

ಇಡಗುಂಜಿ, ಹೊನ್ನಾವರ, ಕುಮಟಾ, ಭಟ್ಕಳದ ಕಡೆಯಿಂದ ರಕ್ತದ ಕ್ಯಾನ್ಸರ್ ಇರುವ ಮಗುವನ್ನು ಮಣಿಪಾಲಕ್ಕೋ ಮಂಗಳೂರಿಗೋ ಒಯ್ದ ತಂದೆತಾಯಿಗಳು ಹಲವೊಮ್ಮೆ ಮಗುವಿನ ಎದೆಯಲ್ಲಿ ಅಥವಾ ತೋಳಿನಲ್ಲಿ ಸಣ್ಣ ನಳಿಕೆಯೊಂದಿಗೆ ಊರಿಗೆ ಮರಳುತ್ತಾರೆ. ಇದೇ ಸೆಂಟ್ರಲ್ ಲೈನ್. ಇದರ ತುದಿ ಹೃದಯದ ಹತ್ತಿರದ ದೊಡ್ಡ ರಕ್ತನಾಳದಲ್ಲಿರುತ್ತದೆ. ಕೆಲವು ಕೀಮೋ ಔಷಧಿಗಳು ಕೈಯ ಸಣ್ಣ ನಾಳಗಳನ್ನು ಸುಡುತ್ತವೆ. 'ನರ ಸಿಗುತ್ತಿಲ್ಲ' ಎಂದು ಪದೇ ಪದೇ ಚುಚ್ಚಿಸಿಕೊಳ್ಳುವ ಹಿಂಸೆಯೂ ಇದರಿಂದ ತಪ್ಪುತ್ತದೆ. ತೋಳಿನಿಂದ ಹಾಕಿದ್ದು ಪಿಕ್ ಲೈನ್, ಎದೆಯ ಚರ್ಮದಡಿ ಹಾದು ಹೊರಬಂದದ್ದು ಹಿಕ್‌ಮನ್, ಪೂರ್ತಿ ಚರ್ಮದೊಳಗಿರುವುದು ಕೀಮೋ ಪೋರ್ಟ್.

ಹಾಕುವಾಗ ರಕ್ತಸ್ರಾವ, ಶ್ವಾಸಕೋಶಕ್ಕೆ ಪೆಟ್ಟು, ಹೃದಯ ಬಡಿತದ ಏರುಪೇರು ಆಗುವುದುಂಟು. ಅವನ್ನು ವೈದ್ಯರು ಅಲ್ಲಿಯೇ ನೋಡಿಕೊಳ್ಳುತ್ತಾರೆ. ಮನೆಯವರ ಪಾಲಿಗೆ ಬರುವುದು ಮುಖ್ಯವಾಗಿ ಸೋಂಕು.

ನಳಿಕೆಯ ಮೂಲಕ ಕ್ರಿಮಿಗಳು ನೇರವಾಗಿ ರಕ್ತಕ್ಕೆ ಸೇರಬಲ್ಲವು. ಕೀಮೋದಿಂದ ಬಿಳಿ ರಕ್ತಕಣ ಕುಸಿದ ಮಗುವಿಗೆ ಅದು ಕೆಲವೇ ಗಂಟೆಗಳಲ್ಲಿ ಪ್ರಾಣಾಂತಿಕವಾಗಬಹುದು. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಲೈನಿಗೆ ಔಷಧಿ ಹಾಕಿದ ಬೆನ್ನಿಗೇ ಚಳಿ ನಡುಕ ಬಂದರೆ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯಬಾರದು. ಚಿಕಿತ್ಸೆ ಕೊಡುತ್ತಿರುವ ಆಸ್ಪತ್ರೆಗೆ ಫೋನ್ ಮಾಡಿ. ಅವರು ಹೇಳಿದರೆ ಹತ್ತಿರದ ಆಸ್ಪತ್ರೆಯಲ್ಲೇ ರಕ್ತದ ಕಲ್ಚರ್ ತೆಗೆಸಿ ಮೊದಲ ಆಂಟಿಬಯೋಟಿಕ್ ಹಾಕಿಸಿಕೊಂಡು ಹೊರಡುವುದು ಕ್ಷೇಮ. ನಮ್ಮ ಜಿಲ್ಲೆಯಲ್ಲಿ ದಾರಿಯೇ ಒಂದು ತೊಂದರೆ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ಪ್ರಾಣಹಾನಿಯಾದಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದದ್ದು ಓದುಗರಿಗೆ ನೆನಪಿರಬಹುದು.

ಮಕ್ಕಳ ನಾಳ ಕಿರಿದಾದ್ದರಿಂದ ನಳಿಕೆಯ ಸುತ್ತ ರಕ್ತ ಹೆಪ್ಪುಗಟ್ಟುವುದೂ ಇದೆ. ಅದೇ ಬದಿಯ ತೋಳು, ಕತ್ತು ಅಥವಾ ಮುಖ ಊದಿಕೊಂಡರೆ ತಡಮಾಡದೆ ತೋರಿಸಬೇಕು. ಲೈನ್ ಕಟ್ಟಿಕೊಂಡಿದ್ದರೆ ಸಿರಿಂಜಿನಿಂದ ಬಲವಾಗಿ ತಳ್ಳಬೇಡಿ, ನಳಿಕೆ ಒಡೆಯಬಹುದು. ಆಟದ ಮಕ್ಕಳು ಲೈನ್ ಎಳೆದುಕೊಳ್ಳುವುದು ಸಾಮಾನ್ಯ. ತುಂಡಾದರೆ ತುಂಡಾದ ಜಾಗಕ್ಕೂ ಮಗುವಿನ ಮೈಗೂ ನಡುವೆ ಕ್ಲಾಂಪ್ ಹಾಕಿ; ಇಲ್ಲದಿದ್ದರೆ ಮಡಚಿ ಬಿಗಿಹಿಡಿಯಿರಿ. ಗಾಳಿ ಒಳಹೋದರೆ ಜೀವಕ್ಕೇ ಅಪಾಯ.

ಡ್ರೆಸ್ಸಿಂಗ್ ಒದ್ದೆಯಾದರೆ ಅಂದೇ ಬದಲಾಯಿಸಬೇಕು. ನಮ್ಮ ಮಳೆಗಾಲದಲ್ಲಿ, ಬೆವರಿನ ಸೆಕೆಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಲೈನ್ ಹೊರಗಿರುವ ಮಗುವಿಗೆ ಸಮುದ್ರ, ಹೊಳೆ, ಕೆರೆಯ ಸ್ನಾನ ಬೇಡ. ಮನೆಭೇಟಿಗೆ ಹೋಗುವ ಧರ್ಮಭಗಿನಿಯರೂ ಕಾರ್ಯಕರ್ತರೂ ಮೊದಲು ಸೋಪು ಹಚ್ಚಿ ಕೈ ತೊಳೆಯಲಿ. ನೆಗಡಿಯಿದ್ದರೆ ಆ ವಾರ ಹೋಗದಿರಲಿ. ಪ್ರಾರ್ಥನೆಗೆಂದು ಹೋದವರು ಎಣ್ಣೆ, ತೀರ್ಥವನ್ನು ಲೈನಿನ ಜಾಗಕ್ಕೆ ಹಚ್ಚಬಾರದೆಂದು ನಾವು ಬಿಡಿಸಿಯೇ ಹೇಳುತ್ತೇವೆ. ಲೈನಿನ ಹೆಸರು, ಹಾಕಿದ ದಿನಾಂಕ, ವಾರ್ಡಿನ ಫೋನ್ ನಂಬರ್ ಬರೆದ ಚೀಟಿಯೊಂದನ್ನು ಮನೆಯ ಬಾಗಿಲ ಹಿಂದೆ ಅಂಟಿಸಲು ನೆರವಾದರೆ, ರಾತ್ರಿ ಹೊತ್ತು ಅದೇ ಮೊದಲು ಬೇಕಾಗುವುದು.